ನೀರುಗಂಟಿ ಮಲಗಿದ ದಿನ

ಪಂಚಾಯಿತಿ ಗೋಡೆಗೆ ಅಂಟಿಸಿದ್ದ ನೋಟಿಸು ಅಂಗೈ ಅಗಲದ್ದು. ಖರ್ಚು ತಗ್ಗಿಸಬೇಕಾದ್ದರಿಂದ ಇನ್ನು ಮುಂದೆ ಬೀದಿದೀಪ ಒಂದು ಬಿಟ್ಟು ಒಂದು ಉರಿಯುವುದು, ಕಸದ ಗಾಡಿ ಹದಿನೈದು ದಿನಕ್ಕೊಮ್ಮೆ ಬರುವುದು, ನೀರುಗಂಟಿಯ ಹುದ್ದೆ ಬೇಕೇ ಬೇಡವೇ ಎಂದು ಗುರುವಾರ ತಾಲೂಕು ಕಚೇರಿಯ ಸಾಹೇಬರು ಬಂದು ಪರಿಶೀಲಿಸುವರು. ಅಧ್ಯಕ್ಷರ ಕೋಣೆಗೆ ಹೋದ ವಾರವಷ್ಟೇ ತಿರುಗುವ ಕುರ್ಚಿ ಬಂದಿತ್ತು. ಅದನ್ನು ಯಾರೂ ಪರಿಶೀಲಿಸಲಿಲ್ಲ.

ಹತ್ತೊಂಬತ್ತು ವರ್ಷದಿಂದ ನಾಲ್ಕೂವರೆಗೆ ಎದ್ದು ಎಂಟು ಬೀದಿಗೆ ನೀರು ಬಿಟ್ಟ ನೀರುಗಂಟಿ ನೋಟಿಸನ್ನು ಎರಡು ಸಲ ಓದಿದ. ಸಿಟ್ಟು ಬರಬೇಕಿತ್ತು, ಬಂದದ್ದು ಆಕಳಿಕೆ. ಗುರುವಾರ ತಾನು ಏಳುವುದೇ ಇಲ್ಲ ಎಂದುಕೊಂಡ. ಒಂದು ದಿನ ನಲ್ಲಿ ಒಣಗಲಿ, ನೀರುಗಂಟಿ ಬೇಕೋ ಬೇಡವೋ ಖಾಲಿ ಕೊಡಗಳೇ ಸಾಹೇಬರಿಗೆ ಹೇಳುತ್ತವೆ. ಇದನ್ನು ಹೆಂಡತಿಗೂ ಹೇಳಲಿಲ್ಲ. ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತಷ್ಟೇ.

ಗುರುವಾರ ಬೆಳಗ್ಗೆ "ಸೊಂಟ ಹಿಡ್ಕೊಂಡಿದೆ ಕಣೇ" ಎಂದು ಗೋಡೆ ಕಡೆ ತಿರುಗಿ ಮಲಗಿದ.

ಆರೂವರೆಗೆ ಹಾಲಿನಕ್ಕ ಖಾಲಿ ಕೊಡ ಹೊತ್ತು ಬಾಗಿಲಿಗೆ ಬಂದಳು. "ಎಲ್ಲಿ ಹೋದನೇ ನಿನ್ನ ಗಂಡ? ನಲ್ಲೀಲಿ ಬರೀ ಗಾಳಿ!"

"ಸೊಂಟ ಹಿಡ್ಕೊಂಡು ಬಿದ್ದಿದ್ದಾರೆ ಅಕ್ಕ."

ಒಳಗೆ ನೀರುಗಂಟಿ ಹೊದಿಕೆಯಡಿ ನಕ್ಕ. ಹೋಗು ತಾಯಿ, ಹೋಗಿ ಆಫೀಸಿನ ಮುಂದೆ ಬಾಯಿ ಬಡಿದುಕೋ.

"ಅಯ್ಯಯ್ಯೋ, ಇವತ್ತೇ ಆ ಸಾಹೇಬ ಬರೋದು! ನೀರಿಲ್ಲ ಅಂದ್ರೆ ಇವನು ಕೆಲಸಾನೇ ಮಾಡಲ್ಲ ಅಂತ ಬರ್ಕೊಂಡು ಹೋಗ್ತಾನೆ!" ಎಂದವಳೇ ಓಡಿದಳು.

ಹತ್ತು ನಿಮಿಷದಲ್ಲಿ ಊರೇ ಅಂಗಳದಲ್ಲಿತ್ತು. ರಿಟೈರಾದ ಮೇಷ್ಟ್ರು ಒಳಗೆ ಬಂದು ಅವನ ತಲೆ ಸವರಿದರು. "ನೀನು ಮಲಗಪ್ಪ. ಇಷ್ಟು ವರ್ಷ ನೀನು ನಮ್ಮನ್ನ ನೋಡ್ಕೊಂಡೆ. ಒಂದು ದಿನ ನಾವು ನಿನ್ನ ಕೆಲಸ ಉಳಿಸ್ತೀವಿ."

"ಬೇಡಿ ಮೇಷ್ಟ್ರೇ, ವಾಲ್ವು ತಿರುಗಿಸೋದು ಅಂದ್ರೆ..."

ಏಳಹೊರಟವನನ್ನು ಊರಿನ ಪೈಲ್ವಾನ ಬೋರಲು ಕೆಡವಿ, ಬೆನ್ನ ಮೇಲೆ ಕೂತು ಎಣ್ಣೆ ಸುರಿದ. ಹಳೇ ಕುಸ್ತಿಯ ಕೈ. "ಅಲ್ಲಾಡಬೇಡ. ನರ ತಪ್ಪಿದ್ರೆ ಜೀವಮಾನ ಹೀಗೇ ಬಿದ್ಕೊಂಡಿರ್ತೀಯ." ನೀರುಗಂಟಿಯ ಮಾತೆಲ್ಲ "ಹಾ", "ಊ" ಆಗಿ ಹೊರಬಿತ್ತು. ನಿಜ ಹೇಳಿಬಿಡೋಣವೇ? ಬೇಕೆಂದೇ ನೀರು ನಿಲ್ಲಿಸಿದ್ದು ಎಂದು ತಿಳಿದರೆ ಆ ಕೈ ಸೊಂಟದಿಂದ ಕುತ್ತಿಗೆಗೆ ಬರಲು ಎಷ್ಟು ಹೊತ್ತು?

ಹೆಂಡತಿ ಮಂಚದಡಿಯಿಂದ ವಾಲ್ವಿನ ಉದ್ದನೆಯ ಕೀ ಎಳೆದು ಮೇಷ್ಟ್ರ ಕೈಗಿಟ್ಟಳು. ಆಗಲೂ ಅವನಿಗೊಂದು ಆಸೆ ಉಳಿದಿತ್ತು. ಯಾವ ಬೀದಿ ಮೊದಲು, ಯಾವುದು ಕೊನೆಗೆ ಎಂಬುದು ಯಾವ ಕಾಗದದಲ್ಲೂ ಇಲ್ಲ, ಅವನ ತಲೆಯೊಳಗಿದೆ. ತಪ್ಪಿದರೆ ದಿಬ್ಬದ ಮನೆಗಳಿಗೆ ತೊಟ್ಟೂ ಏರದು.

"ಮೊದಲು ದಿಬ್ಬದ ಬೀದಿ, ಎರಡೂವರೆ ಸುತ್ತು," ಎಂದಳು ಹೆಂಡತಿ. "ಅದು ತುಂಬಿದ ಮೇಲೆ ಶಾಲೆ ಬೀದಿ. ಐದನೇದು ಉಲ್ಟಾ ತಿರುಗುತ್ತೆ, ಜೋರು ಮಾಡ್ಬೇಡಿ. ಇಳಿಜಾರಿನದು ಕೊನೆಗೆ."

ಮೇಷ್ಟ್ರು ಬೆರಗಾದರು. "ನಿನಗೆ ಹೇಗಮ್ಮ ಗೊತ್ತು?"

"ದಿನಾ ನಿದ್ದೇಲಿ ಇದನ್ನೇ ಗೊಣಗ್ತಾರೆ. ಮಗ್ಗುಲಲ್ಲಿ ಮಲಗೋಳು ನಾನಲ್ವಾ? ಬಾಯಿಪಾಠ ಆಗಿದೆ."

ಒಂಬತ್ತರ ಹೊತ್ತಿಗೆ ಎಂಟು ಬೀದಿಯಲ್ಲೂ ಕೊಡ ತುಂಬುವ ಸದ್ದು. ಪೈಲ್ವಾನ ಮೂರನೇ ಸಲ ನೀವುತ್ತಿದ್ದಾಗ ಸಾಹೇಬರು ಫೈಲು ಹಿಡಿದು ಬಂದರು.

"ಎಲ್ಲಾ ಬೀದಿಗೂ ನೀರು ಬಂದಿದೆ ಸಾಹೇಬ್ರೇ!" ಮೇಷ್ಟ್ರು ಎದೆಯುಬ್ಬಿಸಿದರು. "ಇವನಂಥ ನೀರುಗಂಟಿ ಎಲ್ಲೂ ಸಿಗಲ್ಲ."

"ಎಲ್ಲಿ ಅವನು?"

ಎಲ್ಲರೂ ಪೈಲ್ವಾನನ ಕೆಳಗೆ ಕೈ ತೋರಿಸಿದರು.

"ಯಾವಾಗಿಂದ ಹೀಗೆ?"

"ಬೆಳಗ್ಗೆಯಿಂದ ಮಿಸುಕಾಡೋಕೂ ಆಗಿಲ್ಲ, ಪಾಪ," ಎಂದಳು ಹಾಲಿನಕ್ಕ, ಕಣ್ಣೊರೆಸಿಕೊಳ್ಳುತ್ತ.

ಸಾಹೇಬರು ಬರೆದುಕೊಂಡು ಗಟ್ಟಿಯಾಗಿ ಓದಿದರು: "ನೀರುಗಂಟಿ ಮಲಗಿದ್ದರೂ ನೀರು ಸರಾಗವಾಗಿ ಬಂದಿದೆ. ಹುದ್ದೆ ಅನಗತ್ಯ."

"ಅನ್ಯಾಯ!" ಎಂದಿತು ಊರು.

ಸಾಹೇಬರು ಮೇಷ್ಟ್ರ ಕೈಲಿದ್ದ ಕೀ ಕಡೆ ನೋಡಿದರು. "ಅನ್ಯಾಯ ಏನ್ರೀ? ನೀವೇ ನೀರು ಬಿಟ್ಟಿದ್ದೀರಲ್ಲ, ಹೀಗೇ ಸರದಿ ಮಾಡ್ಕೊಳ್ಳಿ. ನಾಳೆ ನಾಲ್ಕೂವರೆಗೆ ಯಾರು ಏಳ್ತೀರಿ?"

ಎಂಟು ಬೀದಿಯೂ ತಂತಮ್ಮ ಚಪ್ಪಲಿ ನೋಡಿಕೊಂಡಿತು. ಕೊನೆಗೆ ಮೇಷ್ಟ್ರೇ ಕೆಮ್ಮಿದರು. "ಸಂಬಳ ಇಲ್ಲ ಅಂದ್ರೂ ನಮ್ಮ ನೀರುಗಂಟಿ ಊರಿನ ಕೈ ಬಿಡಲ್ಲ ಸಾಹೇಬ್ರೇ. ದೊಡ್ಡ ಮನಸ್ಸು ಅವನದು."

ನೀರುಗಂಟಿ ಇದ್ದಬದ್ದ ಬಲವನ್ನೆಲ್ಲ ಕೂಡಿಸಿ, ಪೈಲ್ವಾನನನ್ನು ಪಕ್ಕಕ್ಕುರುಳಿಸಿ ಎದ್ದು ನಿಂತ.

"ಎದ್ದ! ನೋಡಿ ನನ್ನ ಕೈಗುಣ!" ಪೈಲ್ವಾನ ಕೂಗಿದ. ಜನ ಚಪ್ಪಾಳೆ ತಟ್ಟಿದರು. ನೀರುಗಂಟಿ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು 'ಸಂಬಳವಿಲ್ಲದೆ ದುಡಿಯಲು ಒಪ್ಪಿದ್ದಾನೆ' ಎಂದು ಇನ್ನೊಂದು ಸಾಲು ಬರೆದು ಪೆನ್ನಿಗೆ ಮುಚ್ಚಳ ಹಾಕಿದ್ದರು.

ಹಾಲಿನಕ್ಕ ತುಂಬಿದ ಕೊಡ ಸೊಂಟಕ್ಕೇರಿಸಿ ಬಾಗಿಲಲ್ಲಿ ತಿರುಗಿದಳು. "ನಾಳೆ ನಮ್ಮ ಬೀದಿಗೆ ಒಂಚೂರು ಬೇಗ ಬಿಡಪ್ಪ. ಮಗಳ ಮನೆಗೆ ಹೋಗೋದಿದೆ."