ಕಾಗೆ ಮುಟ್ಟದ ಪಾಯಸ

ನನ್ನಂಥ ಸಾಧುಪ್ರಾಣಿಗೂ ಶತ್ರುಗಳಿರಬಹುದೇ ಎಂದು ನೀವು ಕೇಳಿದರೆ, ಇದ್ದಾರೆ ಎಂದೇ ಹೇಳಬೇಕಾಗುತ್ತದೆ. ಆಫೀಸಿನಲ್ಲಿ ಯಾರೂ ಇಲ್ಲ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಹುಟ್ಟುವ ಹಗೆ ಮುಂದಿನ ಸ್ಟೇಶನ್ನಿನಲ್ಲಿ ಇಳಿದುಹೋಗುತ್ತದೆ. ನನ್ನ ಶತ್ರುಗಳು ಸಯನ್ನಿನ ನಮ್ಮ ಬಿಲ್ಡಿಂಗಿನ ಗೇಟಿನೆದುರು ಬಾದಾಮಿ ಮರದಲ್ಲಿ ಸಂಸಾರ ಹೂಡಿರುವ ಕಾಗೆ ದಂಪತಿ. ಮಳೆಗಾಲಕ್ಕೆ ಮುಂಚೆ ಒಂದು ದಿನ ಅವರ ಮರಿ ಕೆಳಗೆ ಬಿದ್ದು ಬಾಯಿ ಬಿಡುತ್ತಿತ್ತು. ಪಕ್ಕದಲ್ಲೇ ಬೆಕ್ಕೊಂದು ಹೊಂಚು ಹಾಕಿ ಕುಳಿತಿತ್ತು. ಕರುಳು ಚುರುಕ್ಕೆಂದು ಮರಿಯನ್ನೆತ್ತಿ ಕಂಪೌಂಡ್ ಗೋಡೆಯ ಮೇಲಿಟ್ಟೆ. ಆ ಉಪಕಾರಕ್ಕೆ ಸಿಕ್ಕ ಬಹುಮಾನವೆಂದರೆ ಮರುದಿನದಿಂದ ಸ್ಟೇಶನ್ ದಾರಿಯುದ್ದಕ್ಕೂ ನನ್ನ ಬೋಳುತಲೆಗೆ ಕುಟುಕು! ಊರವರ ಕೊಡೆ ಮಳೆಗೆ, ನನ್ನದು ಕಾಗೆಗೆ. ನಾನು ಕೆಳಗಿಳಿದರೆ ವಾಚ್‌ಮನ್ ಸಲಾಮು ಹೊಡೆಯುವ ಮೊದಲು ಮರದ ಕಡೆ ನೋಡುತ್ತಾನೆ.

ಈ ಹಗೆಯ ಬಿಸಿ ನಿಜವಾಗಿ ತಟ್ಟಿದ್ದು ಅಪ್ಪನ ಮೊದಲ ವರ್ಷದ ತಿಥಿಯ ದಿನ. ಅಪ್ಪ ಉಡುಪಿ ಕಡೆಯಿಂದ ಬಂದು ಗ್ರಾಂಟ್ ರೋಡಿನ ಹೋಟೆಲೊಂದರ ಗಲ್ಲಾದಲ್ಲಿ ಕುಳಿತೇ ಆಯುಷ್ಯ ಸವೆಸಿದವರು. ಪಾಯಸವೆಂದರೆ ಪ್ರಾಣ, ಆದರೆ ಸಕ್ಕರೆ ಕಾಯಿಲೆ. ಅವರ ಬಟ್ಟಲಿಗೆ ಕಾವಲುಗಾರ ನಾನು. ಎದುರಿಗೆ ನಿಂತು "ಅಪ್ಪಾ, ಶುಗರ್" ಎಂದರೆ ಸಾಕು, ಐವತ್ತು ದಾಟಿದ ಮಗ ಎಂದೂ ನೋಡದೆ ಬೆರಳಿನ ಗೆಣ್ಣಿನಿಂದ ತಲೆಗೊಂದು ಮೊಟಕಿ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದರು.

ಭಟ್ಟರು ಹೋದ ಮೇಲೆ ಟೆರೇಸಿನಲ್ಲಿ ಕಾಗೆಗೆ ಎಡೆ ಇಟ್ಟೆವು. ಬಾಳೆಲೆಯ ತುಂಡಿನ ಮೇಲೆ ಅನ್ನ, ವಡೆ, ಕಡಲೆಬೇಳೆ ಪಾಯಸ. ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅಮ್ಮನಂತೂ ಬೆಳಗಿನಿಂದ ತೊಟ್ಟು ನೀರು ಮುಟ್ಟಿರಲಿಲ್ಲ. ಕಾಗೆಗಳು ಬಂದವು, ಆದರೆ ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕಿನ ಮೇಲೆ ಕುಳಿತವು. ನಾನು "ಕಾ ಕಾ" ಎಂದು ಕರೆದೆ. ಅವು ಇನ್ನಷ್ಟು ದೂರ ಸರಿದವು. ನಾನು ಆ ತುದಿಯಿಂದ ಈ ತುದಿಗೆ ಓಡಾಡಿದೆ, ಅವು ಕತ್ತು ಓಡಾಡಿಸಿದವು. ಕೆಳಗಿನಿಂದ ಹೆಂಡತಿ ಫೋನ್ ಮೇಲೆ ಫೋನ್: "ಬಂತಾ? ವಡೆ ಆರ್ತಾ ಉಂಟು."

ಮಗಳು ಶ್ರಾವ್ಯಳಿಗೆ ಮರುದಿನ ವಿಜ್ಞಾನದ ಪರೀಕ್ಷೆ. ಪುಸ್ತಕ ಹಿಡಿದುಕೊಂಡೇ ಮೇಲೆ ಬಂದಿದ್ದಳು. "ಪಪ್ಪಾ, ಎಕೋಸಿಸ್ಟಂ ಅಂದ್ರೆ ಈಸಿಯಾಗಿ ಹೇಳಿ ನಾ" ಎಂದಳು. ಹಸಿವು ಮರೆಯಲು ಒಂದು ನೆವ ಸಿಕ್ಕಿತೆಂದು ನಾನೂ ಮೇಷ್ಟ್ರಾದೆ. ಒಂದು ಜಾಗದ ಗಿಡ, ಪ್ರಾಣಿ, ಹುಳ, ಜೊತೆಗೆ ಅಲ್ಲಿನ ಗಾಳಿ, ನೀರು, ಬಿಸಿಲು, ಇವೆಲ್ಲದರ ಕೊಡುಕೊಳ್ಳುವ ಸಂಸಾರವೇ ಅದು ಎಂದೆ. ಅಷ್ಟರಲ್ಲಿ ಪಾರಿವಾಳಗಳ ದಂಡೊಂದು ಎಡೆಗೆ ಇಳಿದು, ಅನ್ನಕ್ಕಾಗಿ ಒಂದನ್ನೊಂದು ನೂಕಾಡತೊಡಗಿತು. "ನೋಡು, ಇದು ಸ್ಪರ್ಧೆ." ಟೆರೇಸಿನ ಬಾಗಿಲ ಮರೆಯಿಂದ ಅದೇ ಬೆಕ್ಕು ಪಾರಿವಾಳಗಳ ಮೇಲೆ ಕಣ್ಣಿಟ್ಟಿತ್ತು. "ಅದು ಬೇಟೆ." ಎಲ್ಲೋ ಕೋಗಿಲೆ ಕೂಗಿತು. ತನ್ನ ಮೊಟ್ಟೆಯನ್ನು ಕಾಗೆಯ ಗೂಡಿಗೆ ಸಾಗಹಾಕುವ ಆ ಸಂಗೀತಗಾರ್ತಿಯ ಪರಾವಲಂಬನೆಯನ್ನೂ ವಿವರಿಸಿದೆ. ಪಾಠಕ್ಕೆ ಬೇಕಾದ ಜೀವಿಗಳೆಲ್ಲ ಹಾಜರಿದ್ದವು, ತಿಥಿಗೆ ಬೇಕಾದದ್ದೊಂದನ್ನು ಬಿಟ್ಟು.

ಅಮ್ಮ ಟವೆಲ್ ಬೀಸಿ ಪಾರಿವಾಳಗಳನ್ನು ಓಡಿಸಿ, ಎಡೆಯನ್ನು ಹೊಸದಾಗಿ ಬಡಿಸಿದರು.

"ಅಮ್ಮಾ, ಪಾರಿವಾಳ ಮುಟ್ಟಿದ್ರೆ ಆಗುದಿಲ್ವಾ?"

"ಪಾರಿವಾಳ ಎಂಥ ನಿನ್ನ ಅಪ್ಪನಾ ಮಾರಾಯಾ?" ಎಂದವರು ಬಿಸಿಲಿನಲ್ಲೇ ಕುಸಿದು ಕುಳಿತರು. "ಅವರಿಗೆ ನಮ್ಮ ಮೇಲೆ ಎಂಥದೋ ಬೇಸರ ಉಂಟು. ಬಂದು ಕೂತಿದ್ದಾರೆ, ಉಣ್ಲಿಕ್ಕೆ ಮಾತ್ರ ಮನಸ್ಸಿಲ್ಲ." ಕಣ್ಣೊರೆಸಿಕೊಂಡರು. ನನ್ನ ಹಸಿವು ಇಂಗಿಹೋಯಿತು. ಇಷ್ಟು ವರ್ಷ ಜೊತೆಗಿದ್ದ ಮನುಷ್ಯ ಮುನಿಸಿಕೊಂಡೇ ಹೋದರೆಂದು ಅಮ್ಮ ನಂಬಿಬಿಟ್ಟರೆ, ಅದನ್ನು ಯಾವ ಪಾಠದಿಂದ ಬಿಡಿಸಲಿ?

ಪುಸ್ತಕ ಮಡಚಿ ಟ್ಯಾಂಕನ್ನೂ ನನ್ನನ್ನೂ ನೋಡುತ್ತಿದ್ದ ಶ್ರಾವ್ಯ ಥಟ್ಟನೆ ಹೇಳಿದಳು: "ಪಪ್ಪಾ, ಕಾಗೆಗೆ ಫೇಸ್ ನೆನಪಿರ್ತದೆ ಅಂತ ಮಿಸ್ ಹೇಳಿದ್ರು. ಅವ್ರಿಗೆ ನೀವು ಪ್ರಿಡೇಟರ್! ನೀವು ಅಂದರ್ ಹೋಗಿ, ಪ್ಲೀಸ್."

ಜಿರಳೆ ಕಂಡರೆ ಸ್ಟೂಲು ಹತ್ತುವ ನಾನು ಪ್ರಿಡೇಟರ್! ಆದರೂ ಸುಮ್ಮನೆ ಟೆರೇಸಿನ ಬಾಗಿಲ ಹಿಂದೆ ಅಡಗಿ, ಸಂದಿಯಲ್ಲಿ ಕಣ್ಣಿಟ್ಟೆ. ಉಸಿರು ಬಿಡುವಷ್ಟರಲ್ಲಿ ದೊಡ್ಡ ಕಾಗೆ ಇಳಿಯಿತು. ಅನ್ನ ಬಿಟ್ಟಿತು, ವಡೆ ಬಿಟ್ಟಿತು, ನೇರವಾಗಿ ಪಾಯಸಕ್ಕೆ ಕೊಕ್ಕು ಹಾಕಿತು.

ಅಮ್ಮ ಅಳುತ್ತಲೇ ನಕ್ಕುಬಿಟ್ಟರು. "ಅವರೇ! ಸಂಶಯವೇ ಇಲ್ಲ. ನೀನು ಎದುರಿಗೆ ನಿಂತ್ರೆ ಅವರು ಯಾವತ್ತು ಪಾಯಸ ಮುಟ್ಟಿದ್ದು? ನೀನು ಆಫೀಸಿಗೆ ಹೋದ ಮೇಲೆಯೇ ಎರಡು ಬಟ್ಟಲು ಬೇಕಿತ್ತು."

ಎರಡು ಬಟ್ಟಲು! ನನ್ನ ಕಾವಲಿನ ಯೋಗ್ಯತೆ ನನಗೆ ಗೊತ್ತಾದದ್ದೇ ಆಗ. ಕಾಗೆ ತಲೆಯೆತ್ತಿ ಬಾಗಿಲ ಕಡೆ ಓರೆಯಾಗಿ ನೋಡಿತು. ನಾನು ಗೋಡೆಗೆ ಇನ್ನಷ್ಟು ಅಂಟಿಕೊಂಡು ಮೆಲ್ಲಗೆ ಹೇಳಿದೆ: "ಅಮ್ಮಾ, ಇನ್ನೊಂದು ಸೌಟು ಹಾಕಿ."

ಮರುದಿನ ಬಾದಾಮಿ ಮರದ ಕೆಳಗೆ ಎಂದಿನಂತೆ ರೆಕ್ಕೆಯ ಸದ್ದು ಕೇಳಿಸಿತು. ವಾಚ್‌ಮನ್ "ಸಾಬ್, ಛತ್ರಿ!" ಎಂದು ಕೂಗಿದ. ಕೊಡೆ ಕೈಯಲ್ಲೇ ಇತ್ತು, ಬಿಡಿಸಲಿಲ್ಲ. ಬೋಳುತಲೆಯ ಮೇಲೆ ಮೊಟಕು ಬಿತ್ತು. ಒಂದು ವರ್ಷದ ಮೇಲೆ ಬಿದ್ದದ್ದು, ಸರಿಯಾಗಿ ಅಪ್ಪನ ಗೆಣ್ಣು ತಾಗುತ್ತಿದ್ದ ಜಾಗಕ್ಕೆ.