ಮಾವನವರಿಗೊಂದು ಗುಜರಾತಿ ಊಟ

"ಹೆಣ್ಣು ಕೊಟ್ಟ ಮಾವನಿಗೆ ಗಂಜಿ ಹಾಕಿ ಕಳಿಸಿದ ಅಳಿಯ ಅನ್ನೋ ಹೆಸರು ನನಗೆ ಬೇಡ! ಇವತ್ತು ಅವರಿಗೆ ಗುಜರಾತಿ ಊಟ ಹಾಕಿಸಿ, ಮರ್ಯಾದೆಯಿಂದ ಎರಡೂವರೆ ಬಸ್ಸು ಹತ್ತಿಸದಿದ್ದರೆ ನನ್ನ ಹೆಸರೇ ಬದಲಾಯಿಸು!"

ಸಾಗರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು ನಾನು ಹೀಗೆ ಗುಡುಗಿದೆ. ಪಕ್ಕದ ಕೋಣೆಯಲ್ಲಿ ಚಾಪೆ ಮೇಲೆ ಕೂತಿದ್ದ ಹೆಂಡತಿ ವೇದಾವತಿ ಕಿಸಕ್ಕೆಂದಳು. ಆ ಮೂರು ದಿನ ಅವಳು ಅಡುಗೆಮನೆ ಕಡೆ ಬರುವ ಹಾಗಿರಲಿಲ್ಲ. ಸರಿಯಾಗಿ ಅದೇ ದಿನ, ಕೆಳದಿಯಲ್ಲೊಂದು ಉಪನಯನ ಮುಗಿಸಿಕೊಂಡು ಮಾವ ಸುಂದರೇಶ ಜೋಯಿಸರು ನಮ್ಮಲ್ಲಿಗೆ ಬಂದಿಳಿದಿದ್ದರು! ಮಧ್ಯಾಹ್ನದ ಬಸ್ಸಿಗೆ ಅವರು ಹೊಸನಗರಕ್ಕೆ ಹೋಗಬೇಕು. ಅಲ್ಲಿ ಗೋವಿಂದ ಉಡುಪರೆಂಬವರ ಮಗನಿಗೆ ನನ್ನ ನಾದಿನಿ ಸೀತೆಯನ್ನು ಕೊಡುವ ಮಾತು. ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ಸಂಜೆಯೊಳಗೆ ಹೋಗದಿದ್ದರೆ ಸಂಬಂಧವೇ ತಪ್ಪುವ ಭಯ, ಯಾಕೆಂದರೆ ಮಾರನೇ ದಿನ ಬೇರೆ ಹೆಣ್ಣಿನವರು ಬರುವವರಿದ್ದರು.

"ಗಂಜಿ, ಮಾವಿನ ಮಿಡಿ ಸಾಕು ರೀ. ಅಪ್ಪಯ್ಯ ಹೋಟೆಲ್ ಮೆಟ್ಟಿಲು ಹತ್ತಿದವರಲ್ಲ."

"ನೋಡ್ತಾ ಇರು!"

ಲಿಂಗನಮಕ್ಕಿ ಕಟ್ಟೆ ಕೆಲಸ ನಡೆಯುತ್ತಿದ್ದ ಕಾಲ ಅದು. ಬಂದುಹೋಗುವ ಪರಸ್ಥಳದವರಿಗೆಂದು ಒಬ್ಬ ಗುಜರಾತಿ ಬಸ್‌ಸ್ಟ್ಯಾಂಡಿನ ಎದುರಿಗೇ ಖಾನಾವಳಿ ತೆರೆದಿದ್ದ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಅಡುಗೆಯವನು ಬ್ರಾಹ್ಮಣ ಎಂದೆಲ್ಲ ಹೇಳಿ ಮಾವನವರನ್ನು ಬಾಗಿಲ ತನಕ ತಂದೆ. ಅವರು ನೇರ ಒಲೆಯ ಹತ್ತಿರ ಹೋಗಿ, ಅಡುಗೆಯವನ ಜನಿವಾರವನ್ನು ಕಣ್ಣಾರೆ ಕಂಡು, ಆಮೇಲೆ ಮಣೆಯ ಮೇಲೆ ಕೂತರು. ಅರ್ಧ ಗೆದ್ದೆ!

ಹಿತ್ತಾಳೆ ತಟ್ಟೆ ಬಂತು. ಸುತ್ತ ಬಟ್ಟಲುಗಳು. ನಮ್ಮಲ್ಲಿ ಊಟದ ಕೊನೆಗೆ ಬರುವ ಮಜ್ಜಿಗೆ ಇಲ್ಲಿ ಮೊದಲೇ ಒಂದು ಲೋಟ ಬಂತು.

"ಎಂತದು ಅಳಿಯಂದ್ರೆ, ಕೂರೋಕ್ ಮುಂಚೆ ಏಳು ಅಂತಾರಾ?"

"ಅವರಲ್ಲಿ ಹಾಗೇ ಮಾವ, ಕುಡೀರಿ."

ಕುಡಿದರು. ಬೆಲ್ಲ ಹಾಕಿದ ದಾಲ್ ಮೂಗಿಗೆ ಹಿಡಿದು ನೋಡಿ, "ಅಡ್ಡಿಲ್ಲ" ಎಂದರು. ತುಪ್ಪ ಸವರಿದ ಫುಲ್ಕಾ ಬಾಯಿಗಿಟ್ಟು, "ಲಾಯ್ಕಿದೆ ಮಾರಾಯ್ರೆ!" ಎಂದರು. ನಾನು ಉಬ್ಬಿ ಆ ಫುಲ್ಕಾದಂತೆಯೇ ಆದೆ.

ಅಲ್ಲಿಂದಲೇ ನನ್ನ ಗ್ರಹಚಾರ ಶುರು!

ಮಾವನವರ ಹೊಟ್ಟೆ ತುಂಬಿತು. ಆದರೆ ಅವರು ಏಳಲಿಲ್ಲ.

"ಮಾವ, ಏಳೋಣವಾ?"

"ಪಂಕ್ತಿಯಲ್ಲಿ ಇನ್ನೂ ಜನ ಉಣ್ತಾ ಇದ್ದಾರಲ್ಲ! ಅವರು ಮುಗಿಸದೆ ಏಳೋದೇ?"

"ಇದು ಹೋಟೆಲು, ಮಾವ! ಇಲ್ಲಿ ಪಂಕ್ತಿ ಎಂತದು?"

"ಸಾಲಾಗಿ ಕೂತು ಉಂಡರೆ ಅದೇ ಪಂಕ್ತಿ. ಮಧ್ಯ ಎದ್ದರೆ ಉಣ್ಣುವವರ ಊಟ ಕೆಡಿಸಿದ ಪಾಪ. ಸುಮ್ನೆ ಕೂತ್ಕೊಳ್ಳಿ."

ಈ ಕಡೆ ಒಬ್ಬ ಎದ್ದರೆ ಆ ಕಡೆ ಇನ್ನೊಬ್ಬ ಬಂದು ಕೂರುತ್ತಿದ್ದ! ಹಾಗೆ ಎದ್ದುಹೋಗುವವರನ್ನು ಕಂಡು ಮಾವ, "ಅವರವರ ಕರ್ಮ" ಎಂದು ತಲೆಯಾಡಿಸುತ್ತಿದ್ದರು. ಸುಮ್ಮನೆ ಕೂತವರನ್ನು ಕಂಡರೆ ಬಡಿಸುವವನಿಗೆ ಆಗದು. "ಒಂದೇ ಒಂದು ಸ್ವಾಮಿ, ಗರಂ ಗರಂ!" ಎಂದು ಫುಲ್ಕಾ ಎಸೆದೇ ಬಿಡುತ್ತಿದ್ದ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತೂರಿಸುತ್ತಿದ್ದ. ತಟ್ಟೆಗೆ ಬಿದ್ದದ್ದನ್ನು ಬಿಡುವುದು ಮಾವನವರ ಶಾಸ್ತ್ರದಲ್ಲಿ ಇನ್ನೊಂದು ಪಾಪ! ಅವರು ಉಣ್ಣುತ್ತಾ ಹೋದರು. ಅಳಿಯನಾದ ಕರ್ಮಕ್ಕೆ ನಾನೂ ಉಣ್ಣುತ್ತಾ ಹೋದೆ.

ಕೊನೆಗೆ ಸಾಲಿನಲ್ಲಿ ಉಳಿದದ್ದು ನಾವಿಬ್ಬರು, ಮತ್ತೆ ಆ ತುದಿಯಲ್ಲಿ ತರಕಾರಿ ಚೀಲ ಇಟ್ಟುಕೊಂಡು ತಡವಾಗಿ ಬಂದು ಕೂತಿದ್ದ ಒಬ್ಬ ಹಿರಿಯರು. ಅಬ್ಬಾ, ಇವರೊಬ್ಬರು ಮುಗಿಸಿದರೆ ಬಿಡುಗಡೆ! ಅವರು ಮುಗಿಸಿದರು. ಕೈ ಒಣಗಿಸಿಕೊಂಡು ಅಲ್ಲೇ ಕೂತರು!

"ತಾವು ಸಾವಕಾಶ ಊಟ ಮಾಡಿ. ನಾನು ಕಾಯ್ತೀನಿ" ಎಂದರು ಮಾವನವರಿಗೆ.

"ಛೆ ಛೆ, ನಂದು ಆಯ್ತು. ತಾವು ಏಳಿ."

"ಎಲ್ಲಾದರೂ ಉಂಟೇ! ತಾವು ಹಿರಿಯರು, ತಾವು ಮೊದಲು."

"ಒಂದೇ ಒಂದು ಸ್ವಾಮಿ!" ಎಂದ ಬಡಿಸುವವನು. ಇಬ್ಬರ ತಟ್ಟೆಗೂ ಬಿತ್ತು. ಇಬ್ಬರೂ ಮತ್ತೆ ಶುರುಮಾಡಿದರು!

ಹೊರಗೆ ಬಸ್ಸಿನ ಹಾರ್ನ್ ಕೂಗಿತು. ಎರಡೂವರೆ ಬಸ್ಸು! ಸೀತೆಯ ಮದುವೆ ತಪ್ಪಿದರೆ ವೇದಾವತಿ ಈ ಜನ್ಮದಲ್ಲಿ ನನಗೆ ಅನ್ನ ಹಾಕುವುದಿಲ್ಲ! "ಪಂಕ್ತಿಯೂ ಇಲ್ಲ, ಗಿಂಕ್ತಿಯೂ ಇಲ್ಲ!" ಎಂದು ಕೂಗಿದವನೇ ಹಾರಿ ಎದ್ದೆ. ತೊಳೆಯದ ಕೈ ಮೇಲೆತ್ತಿಕೊಂಡು ಓಡಿ ಬಸ್ಸಿನ ಮುಂದೆ ನಿಂತೆ.

"ಏನ್ ಮೇಷ್ಟ್ರೇ, ಉಣ್ತಾ ಉಣ್ತಾನೇ ಬಂದ್ರಾ?" ಎಂದ ಕಂಡಕ್ಟರ್ ಕನ್ನಪ್ಪ.

"ಸ್ವಲ್ಪ ನಿಲ್ಲಿಸು ಮಾರಾಯ, ಒಂದು ಹೆಣ್ಣಿನ ಬಾಳಿನ ಪ್ರಶ್ನೆ!"

ಬಸ್ಸಿನಲ್ಲಿದ್ದವರೆಲ್ಲ ನನ್ನ ತುಪ್ಪದ ಕೈಯನ್ನೇ ನೋಡಿ ನಗುತ್ತಿದ್ದರು. ಅಷ್ಟರಲ್ಲಿ ಖಾನಾವಳಿಯಿಂದ ಇಬ್ಬರು ಹಿರಿಯರೂ ಹೊರಬಂದರು, ಹಳೇ ಗೆಳೆಯರ ಹಾಗೆ! ನಾನು ಎದ್ದ ಕೂಡಲೇ ಪಂಕ್ತಿ ಮುರಿಯಿತಲ್ಲ, ಪಾಪ ನನ್ನ ತಲೆಗೆ ಬಂತು, ಅವರು ನಿಶ್ಚಿಂತೆಯಿಂದ ಎದ್ದು ಕೈ ತೊಳೆದಿದ್ದರು. ಕೈ ತೊಳೆಯುತ್ತಾ ಊರು ಹೆಸರು ಕೇಳಿಕೊಂಡಿದ್ದರು. ತರಕಾರಿ ಚೀಲದವರು ಬೇರೆ ಯಾರೂ ಅಲ್ಲ, ಗೋವಿಂದ ಉಡುಪರೇ! ಸಂಜೆಯ ನೆಂಟರಿಗೆಂದೇ ತರಕಾರಿ ಕೊಳ್ಳಲು ಸಾಗರಕ್ಕೆ ಬಂದಿದ್ದರು.

"ಜೋಯಿಸರೇ, ಪಂಕ್ತಿ ಮರ್ಯಾದೆ ಗೊತ್ತಿರೋ ಮನೆಯ ಹೆಣ್ಣು ಅಂದಮೇಲೆ ಇನ್ನೇನು ನೋಡೋದಿದೆ? ಆಯ್ತು ಅಂತ್ಲೇ ತಿಳ್ಕೊಳ್ಳಿ!" ಎನ್ನುತ್ತಾ ಉಡುಪರು ಬಸ್ಸಿನ ಹತ್ತಿರ ಬಂದರು. ನನ್ನನ್ನು ಕಂಡದ್ದೇ ಅವರ ಹುಬ್ಬು ಗಂಟಾಯಿತು. "ಅಗೋ! ಪಂಕ್ತಿ ಮುರಿದು ಓಡಿದ್ದು ಇವನೇ ಅಲ್ವಾ? ನಿಮ್ಮ ಪಕ್ಕದಲ್ಲೇ ಕೂತಿದ್ದ. ನಿಮ್ಮ ಕಡೆಯವನಾ?"

ನಾನು ಹಲ್ಲು ಕಿರಿದು ಮುಂದೆ ಬಂದೆ. ಮಾವನವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಛೆ ಛೆ! ಯಾರೋ ಏನೋ" ಎಂದು ಬಸ್ಸು ಹತ್ತಿದರು.

ಮದುವೆ ಜೋರಾಗಿಯೇ ನಡೆಯಿತು. ಹಿರಿಯ ಅಳಿಯನಾದ ನಾನು ಮೊದಲ ಪಂಕ್ತಿಯಲ್ಲಿ ಕೂರಬೇಕಿತ್ತು. ಮಾವನವರು ಹಿಂದಿನ ರಾತ್ರಿಯೇ ಕರೆದು, "ಅಳಿಯಂದ್ರೆ, ನೀವು ಬಡಿಸೋಕೆ ನಿಂತುಬಿಡಿ, ಕೂತರೆ ತಾನೇ ಏಳೋ ತಾಪತ್ರಯ" ಎಂದಿದ್ದರು. ಸೊಂಟಕ್ಕೆ ಪಂಚೆ ಬಿಗಿದು ಮಜ್ಜಿಗೆ ಬಡಿಸುತ್ತಾ ಬಂದೆ. ಉಡುಪರು ಕಣ್ಣು ಕಿರಿದಾಗಿಸಿ ನನ್ನನ್ನೇ ನೋಡಿದರು.

"ಜೋಯಿಸರೇ, ಈತನನ್ನ ಎಲ್ಲೋ ನೋಡಿದ್ದೀನಲ್ಲ?"

"ಸಾಗರದ ಅಡುಗೆಯವ" ಎಂದರು ಮಾವ, ತಲೆ ಎತ್ತದೆ.

ಸತ್ಯ ಹೇಳಿಯೇ ಬಿಡುವಾ ಎಂದು ಹೆಂಗಸರ ಸಾಲಿನ ಕಡೆ ತಿರುಗಿದೆ. ಕೈಹಿಡಿದ ಹೆಂಡತಿಯಾದರೂ ನನ್ನ ಪರ ನಿಲ್ಲುತ್ತಾಳೆಂದು ಆಸೆ. ಜರಿ ಸೀರೆ ಉಟ್ಟು ಕೂತಿದ್ದ ವೇದಾವತಿ ನನ್ನನ್ನು ಕಂಡು, ನಗು ತಡೆಯಲಾರದೆ, ಎಲ್ಲರಿಗೂ ಕೇಳುವಂತೆ ಕೂಗಿದಳು:

"ಓ ಅಡುಗೆ ಭಟ್ರೇ! ಈ ಕಡೆಗೂ ಸ್ವಲ್ಪ ಮಜ್ಜಿಗೆ ತನ್ನಿ!"