ಮಾಲತೇಶಪ್ಪನ ಪಥ್ಯ

ಇಷ್ಟಕ್ಕೆಲ್ಲ ಕಾರಣ ಎರಡು ಇಡ್ಲಿ.

ಬಕ್ಕೇಶಪ್ಪನ ಪಿತ್ತಕೋಶವನ್ನು ಕಲ್ಲುಗಳ ಸಮೇತ ತೆಗೆದುಹಾಕಿದ ಡಾಕ್ಟರು ಮನೆಗೆ ಕಳಿಸುವಾಗ ಬಿಡಿಸಿ ಹೇಳಿದ್ದರು: ‘ಎಣ್ಣೆ, ಬೆಣ್ಣೆ, ಕರಿದದ್ದು ಸ್ವಲ್ಪ ದಿನ ಬೇಡ. ಇಡ್ಲಿ, ಅನ್ನ, ತಿಳಿಸಾರು, ಬೇಯಿಸಿದ ತರಕಾರಿ ಸ್ವಲ್ಪ ಸ್ವಲ್ಪ ತಿನ್ನಿ.’ ಆದರೆ ವಿನೋಬನಗರದ ಆ ಬೀದಿಯಲ್ಲಿ ಡಾಕ್ಟರ ಮಾತಿಗೆ ಬೆಲೆ ಇರುವುದು ಆಸ್ಪತ್ರೆಯ ಗೇಟಿನವರೆಗೆ ಮಾತ್ರ. ಅಲ್ಲಿಂದಾಚೆಗೆ ನಡೆಯುವುದು ರೋಗಿಯನ್ನು ನೋಡಲು ಬಂದವರ ಮಾತು. ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ಒಬ್ಬರು ತರಕಾರಿ ನಂಜು ಅಂದರು, ಇನ್ನೊಬ್ಬರು ಬೇಳೆ ವಾಯು ಅಂದರು, ಮತ್ತೊಬ್ಬರು ಬಾಳೆಹಣ್ಣು ಶೀತ ಅಂದರು. ಹೀಗೆ ಒಬ್ಬೊಬ್ಬರು ಒಂದೊಂದನ್ನು ಕಿತ್ತುಕೊಂಡು ಹೋಗಿ, ಸ್ಟೀಲ್ ಪಾತ್ರೆ ಅಂಗಡಿಯ ಯಜಮಾನನಾದ ಬಕ್ಕೇಶಪ್ಪನ ಪಾತ್ರೆಯಲ್ಲಿ ಕೊನೆಗೆ ಉಳಿದದ್ದು ಅಕ್ಕಿ ಗಂಜಿ.

ಆವತ್ತು ಬೆಳಿಗ್ಗೆ ಹೆಂಡತಿ ಕಸ್ತೂರಮ್ಮನಿಗೆ ಗಂಡನ ಒಣಗಿದ ಮುಖ ನೋಡಿ ಕನಿಕರ ಬಂತು. ಗುಟ್ಟಾಗಿ ಎರಡು ಇಡ್ಲಿ ಬೇಯಿಸಿ ತಂದಿಟ್ಟಳು. ಬಕ್ಕೇಶಪ್ಪ ಒಂದು ತುಂಡು ಮುರಿಯುವಷ್ಟರಲ್ಲಿ ಎದುರುಮನೆಯ ತಿಮ್ಮವ್ವ ಹೊಸ್ತಿಲು ದಾಟಿ ಬಂದಾಗಿತ್ತು.

‘ಇಡ್ಲಿ ಕೊಟ್ಟೀಯಾ ಕಸ್ತೂರಮ್ಮ? ಉದ್ದು ನಂಜು ಕಣವ್ವ. ಹೊಲಿಗ್ಯಾಗೆ ಕೀವು ತುಂಬ್ತದೆ.’

‘ಡಾಕ್ಟ್ರೇ ಹೇಳ್ಯಾರೆ ತಿಮ್ಮವ್ವ.’

‘ಡಾಕ್ಟ್ರಿಗೇನು ಗೊತ್ತು? ಅವರೇನು ತಗಿಸ್ಕಂಡಾರಾ? ತಗಿಸ್ಕಂಡೋರನ್ನ ಕೇಳ್ಬೇಕು.’

ತೆಗೆಸಿಕೊಂಡವನು ಆ ಬೀದಿಯಲ್ಲಿ ಒಬ್ಬನೇ ಇದ್ದ. ಬಸ್ ಡಿಪೋದಿಂದ ರಿಟೈರಾದ ಮಾಲತೇಶಪ್ಪ. ಹೋದ ವರ್ಷ ಹೆಂಡತಿ ಭಾಗ್ಯಲಕ್ಷ್ಮಿ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದಾಗ, ಯಾರಿಗೂ ತೊಂದರೆ ಕೊಡದೆ ಒಬ್ಬನೇ ಹುಬ್ಬಳ್ಳಿಗೆ ಹೋಗಿ ಪಿತ್ತಕೋಶ ತೆಗೆಸಿಕೊಂಡು ಬಂದ ಧೀರ. ಅಂದಿನಿಂದ ಹೊಟ್ಟೆಯ ವಿಚಾರದಲ್ಲಿ ಬೀದಿಗೆಲ್ಲ ಅವನದೇ ತೀರ್ಪು.

ತಿಮ್ಮವ್ವ ಬಾಗಿಲಲ್ಲೇ ನಿಂತು ಕೂಗಿದಳು. ಮಾಲತೇಶಪ್ಪ ಕತ್ತಿನ ಮಫ್ಲರ್ ಸರಿಮಾಡಿಕೊಳ್ಳುತ್ತ ಬಂದು ಕೂತ. ತಿಮ್ಮವ್ವನ ಮುಂದೆ ಒಗ್ಗರಣೆ ಮಂಡಕ್ಕಿ ಬಂತು. ಮಾಲತೇಶಪ್ಪ ತನಗೆ ಬಂದ ತಟ್ಟೆಯನ್ನು ಸಂನ್ಯಾಸಿಯ ಹಾಗೆ ದೂರ ಸರಿಸಿದ.

‘ನಂಗೆ ಬಿಸಿನೀರು ಸಾಕ್ರಿ. ಒಂದು ವರ್ಷದಿಂದ ಎಣ್ಣೆ-ಬೆಣ್ಣೆ ಮುಖ ನೋಡಿಲ್ಲ. ನೋಡ್ರಿ ಬಕ್ಕೇಶಪ್ಪಾರೆ, ಇಡ್ಲಿ ಹುಳಿ. ಹುಳಿ ಪಿತ್ತಕ್ಕೆ ಆಗಲ್ಲ. ಆರು ತಿಂಗಳು ಬರೇ ಗಂಜಿ ಕುಡೀರಿ. ಅನುಭವದ ಮ್ಯಾಲೆ ಹೇಳ್ತೀನಿ.’

ಇಡ್ಲಿ ಒಳಗೆ ಹೋಯಿತು, ಗಂಜಿ ಹೊರಗೆ ಬಂತು. ಆಪರೇಷನ್ನಿಗೆ ಹೆದರದ ಬಕ್ಕೇಶಪ್ಪ ಆರು ತಿಂಗಳು ಎಂಬ ಮಾತಿಗೆ ಹೆದರಿದ. ತಿಮ್ಮವ್ವ ಮಂಡಕ್ಕಿಯ ಮೇಲಿನ ಹುರಿಗಡಲೆ ಪುಡಿಯನ್ನು ಬೆರಳಲ್ಲಿ ಸವರಿ ತಿನ್ನುವುದನ್ನು ನೋಡುತ್ತ ಕೂತವನಿಗೆ, ಹೀಗೇ ಬಿಟ್ಟರೆ ತಾನು ಕಾಯಿಲೆಯಿಂದಲ್ಲ, ಆರೈಕೆಯಿಂದಲೇ ಸಾಯುತ್ತೇನೆ ಅನ್ನಿಸಿತು.

‘ಡಾಕ್ಟ್ರು ಸ್ವಲ್ಪ ನಡೀರಿ ಅಂದಾರೆ, ಅಡ್ಡಾಡಿ ಬರ್ತೀನಿ,’ ಎಂದು ಮಧ್ಯಾಹ್ನಕ್ಕೆ ಮುಂಚೆ ಹೊರಬಿದ್ದ. ತಿರುವಿನವರೆಗೆ ನಡೆದ. ತಿರುವು ದಾಟಿದ್ದೇ ಆಟೋ ಹತ್ತಿ, ತಮ್ಮ ಬೀದಿಯ ನರಪಿಳ್ಳೆಯೂ ಬಾರದ ಎಂ.ಸಿ.ಸಿ. ಬಡಾವಣೆಯ ಒಂದು ಬೆಣ್ಣೆ ದೋಸೆ ಹೋಟೆಲಿನ ಮುಂದೆ ಇಳಿದ. ಅವನ ಆಸೆಯೇನೂ ದೊಡ್ಡದಲ್ಲ. ಬೆಣ್ಣೆ ಬೇಡ, ಎಣ್ಣೆ ಬೇಡ, ಮೆತ್ತಗಿನ ಒಂದು ಖಾಲಿ ದೋಸೆ ಸಾಕು. ಡಾಕ್ಟರಿಗೂ ಮೋಸವಿಲ್ಲ, ಹೊಟ್ಟೆಗೂ ಮೋಸವಿಲ್ಲ.

‘ಬೆಣ್ಣೆ ಇಲ್ದಂಗಾ?’ ಅಂದ ಸಪ್ಲೈಯರ್, ಮದುಮಗನಿಲ್ಲದ ಮದುವೆಗೆ ಬಂದವರನ್ನು ನೋಡುವ ಹಾಗೆ ನೋಡುತ್ತ.

ಕೂರಲು ಜಾಗ ಹುಡುಕುವಾಗ ಮೂಲೆಯ ಟೇಬಲ್ಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತ ಒಬ್ಬನ ಮಫ್ಲರ್ ಕಣ್ಣಿಗೆ ಬಿತ್ತು. ಬಕ್ಕೇಶಪ್ಪ ಹತ್ತಿರ ಹೋದ. ಮಾಲತೇಶಪ್ಪನ ಮುಂದೆ ಎರಡನೇ ಬೆಣ್ಣೆ ದೋಸೆ ಮುಗಿಯುತ್ತ ಬಂದಿತ್ತು. ಪಕ್ಕದ ಬಟ್ಟಲಲ್ಲಿ ಇನ್ನೂ ಒಂದು ಮುದ್ದೆ ಬೆಣ್ಣೆ ಸರದಿಗೆ ಕಾಯುತ್ತಿತ್ತು.

‘ಏನ್ರಿ ಇದು ಮಾಲತೇಶಪ್ಪಾರೆ?’

ಮಾಲತೇಶಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ‘ಕೂಡ್ರಿ ಕೂಡ್ರಿ. ಮೆತ್ತಗೆ ಮಾತಾಡ್ರಿ.’

‘ಪಿತ್ತಕೋಶನೇ ಇಲ್ದೋರು ಇಷ್ಟು ಬೆಣ್ಣೆ ಹೆಂಗ್ರಿ ಅರಗಿಸ್ಕಂತೀರಿ?’

‘ಯಾರಂದ್ರು ಇಲ್ಲ ಅಂತ?’ ಮಾಲತೇಶಪ್ಪ ಹೊಟ್ಟೆಯ ಬಲಗಡೆ ತಟ್ಟಿಕೊಂಡ. ‘ಇಲ್ಲೇ ಐತೆ.’

ಬಕ್ಕೇಶಪ್ಪ ಎದುರು ಕೂತ ಮೇಲೆ ಮಾಲತೇಶಪ್ಪ ದನಿ ತಗ್ಗಿಸಿ ಶುರುಮಾಡಿದ.

‘ಹುಬ್ಬಳ್ಳಿಗೇನೋ ಹೋಗಿದ್ದೆ. ಅಲ್ಲಿ ಪಕ್ಕದ ಬೆಡ್‌ನೋನು ನರಳೋದು ಕೇಳಿ ಜೀವ ಹೋದಂಗಾತು. ಸೀದಾ ಬಸ್ ಸ್ಟ್ಯಾಂಡಿಗೆ ಓಡಿದೆ. ಮನೆಗೆ ಬರಕ್ಕೆ ಮುಖ ಇಲ್ದೆ ಹರಿಹರದಾಗೆ ಅಕ್ಕನ ಮನ್ಯಾಗೆ ವಾರ ಕಳೆದು ಬಂದ್ರೆ, ಬೀದಿಯೋರೆಲ್ಲ ಎಳನೀರು ಹಿಡ್ಕಂಡು ನಿಂತಿದ್ರು. ಹೆಂಗ್ರಿ ಹೇಳ್ಲಿ? ಆಮ್ಯಾಲೆ ಒಬ್ಬೊಬ್ರೇ ಸಲಹೆ ಕೇಳಕ್ಕೆ ಬಂದ್ರು. ಡಿಪೋದಾಗೆ ಇದ್ದಷ್ಟು ವರ್ಷ ನನ್ನ ಮಾತು ಯಾರೂ ಕೇಳಿರ್ಲಿಲ್ಲ ಬಕ್ಕೇಶಪ್ಪಾರೆ.’

‘ನಂಗೆ ಗಂಜಿ ಕುಡಿಸಿದ್ರಲ್ರಿ! ಇವತ್ತೇ ಎಲ್ರಿಗೂ ಹೇಳ್ತೀನಿ.’

‘ಹೇಳ್ರಿ. ಎಲ್ಲಿ ಸಿಕ್ಕಿದ್ರು ಅಂತ ಕೇಳಿದ್ರೆ ಏನಂತೀರಿ?’

ಕಳ್ಳನಿಗೆ ಕಳ್ಳ ಸಿಕ್ಕಿದ ಮೇಲೆ ಒಪ್ಪಂದ ಮಾಡಿಕೊಳ್ಳದೆ ಇನ್ನೇನು? ಬಕ್ಕೇಶಪ್ಪ ಬಾಯಿ ಬಿಡಬಾರದು. ಅದಕ್ಕೆ ಪ್ರತಿಯಾಗಿ ಮಾಲತೇಶಪ್ಪ ಮನೆಗೆ ಹೋಗುವಾಗ ಕಸ್ತೂರಮ್ಮನಿಗೆ ಅನ್ನ, ತಿಳಿಸಾರು ಕೊಡಬಹುದೆಂದು ಹೇಳಬೇಕು.

ಅಷ್ಟರಲ್ಲಿ ಖಾಲಿ ದೋಸೆ ಬಂತು. ಬಕ್ಕೇಶಪ್ಪ ಕೈ ಚಾಚುವ ಮೊದಲೇ ಮಾಲತೇಶಪ್ಪ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

‘ಹುಳಿ ಹಿಟ್ಟು, ನಿಮಗೆ ಬ್ಯಾಡ. ನಿಮಗೆ ನಿಜವಾಗ್ಲೂ ಆಪರೇಷನ್ ಆಗೈತೆ,’ ಎಂದು ಉಳಿದ ಬೆಣ್ಣೆಯನ್ನು ಅದರ ಮೇಲೆ ಸವರಿದ. ಸಲಹೆ ಕೊಟ್ಟು ಅಭ್ಯಾಸವಾದವರ ಕೈ ತಡೆಯುವುದು ಕಷ್ಟ.

ಆದರೂ ಮಾಲತೇಶಪ್ಪ ಮಾತು ಉಳಿಸಿಕೊಂಡ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಕ್ಕೇಶಪ್ಪನ ಮುಂದೆ ತಟ್ಟೆ ಬಂತು. ಮೆತ್ತಗಿನ ಅನ್ನ, ಹಬೆಯಾಡುವ ತಿಳಿಸಾರು, ಬೇಯಿಸಿದ ಹೀರೇಕಾಯಿ. ‘ಮಾಲತೇಶಪ್ಪಾರೇ ಬಾಗಿಲಿಗೆ ಬಂದು ಹೇಳಿ ಹೋದ್ರು. ದೇವ್ರಂಥ ಮನುಷ್ಯ,’ ಅಂದಳು ಕಸ್ತೂರಮ್ಮ. ಬಕ್ಕೇಶಪ್ಪ ಸಂತೋಷದಿಂದ ಮೊದಲ ತುತ್ತು ಕಲಸಿದ.

ಆಗ ತಿಮ್ಮವ್ವ ಏದುಸಿರು ಬಿಡುತ್ತ ಒಳಗೆ ಬಂದಳು.

‘ಅದನ್ನ ಕೆಳಗಿಡಪ್ಪ ಬಕ್ಕೇಶಪ್ಪ! ಮಾಲತೇಶಪ್ಪಂಗೆ ಹೊಟ್ಟೆನೋವು ಬಂದು ಒದ್ದಾಡಿಬಿಟ್ಟ. ಆಟೋದಾಗೆ ಹಾಕ್ಕಂಡು ಆಸ್ಪತ್ರೆಗೆ ಹೋಗಿದ್ವಿ, ಅಲ್ಲಿಂದ್ಲೇ ಬಂದೆ. ಸ್ಕ್ಯಾನಿಂಗ್ ಮಾಡಿದ್ರೆ ಪಿತ್ತಕೋಶ ಇದ್ದಂಗೇ ಐತಂತೆ, ತುಂಬ ಕಲ್ಲಂತೆ.’

‘ಹೋದ ವರ್ಷನೇ ತಗಿಸಿದ್ರಲ್ಲ?’ ಕಸ್ತೂರಮ್ಮ ಕಂಗಾಲಾದಳು.

‘ಮತ್ತೆ ಚಿಗುರೈತೆ.’

ತಿಮ್ಮವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು.

‘ಇದು ಹೆಂಗಾತು ಅಂತ ಭಾಗ್ಯಲಕ್ಷ್ಮಿ ಕೇಳಿದ್ಲು. ಆಗೀಗ ಒಂಚೂರು ಅನ್ನ-ಸಾರು ತಿಂದಿದ್ದೆ, ಅದಕ್ಕೇ ಮತ್ತೆ ಬೆಳೀತು ಅಂತ ಪಾಪ, ಆ ನೋವಿನಾಗೂ ತಾನೇ ಒಪ್ಕಂಡ. ಬಕ್ಕೇಶಪ್ಪಂಗೆ ಹೇಳ್ರಿ, ಗಂಜಿ ಬಿಡಬ್ಯಾಡ ಅಂತ ಹೇಳ್ರಿ ಅಂದ.’

ಬಕ್ಕೇಶಪ್ಪನ ಸಹನೆ ಕಟ್ಟೆಯೊಡೆಯಿತು. ‘ಸುಳ್ಳು! ಆ ಮನುಷ್ಯ ತಗಿಸೇ ಇಲ್ಲ. ನಂಗೆ ಅವನೇ ಹೇಳ್ಯಾನೆ.’

ಕಸ್ತೂರಮ್ಮ ಗಂಡನ ಕಡೆ ತಿರುಗಿದಳು. ‘ಯಾವಾಗ ಹೇಳಿದ್ರು? ಎಲ್ಲಿ?’

ಬಕ್ಕೇಶಪ್ಪ ಬಾಯಿ ತೆರೆದ. ಹೋಟೆಲು ಅಂದರೆ ನಾಳೆಯಿಂದ ಹೊಸ್ತಿಲು ದಾಟಲೂ ಬಿಡುವುದಿಲ್ಲ. ಸುತ್ತ ನೋಡಿದ. ಬೇರೆ ದಾರಿ ಕಾಣಲಿಲ್ಲ.

‘ಕನಸಿನಾಗೆ,’ ಅಂದ.

ತಿಮ್ಮವ್ವ ಅವನ ಹಣೆ ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟಳು. ‘ಪಿತ್ತ ಇರೋ ಚೀಲನೇ ತಗ್ದಾರೆ. ಅದು ಇನ್ನೆಲ್ಲಿಗೆ ಹೋಗ್ಬೇಕು? ನೆತ್ತಿಗೇರೈತೆ. ಗಂಜಿಗೆ ಉಪ್ಪೂ ಹಾಕಬ್ಯಾಡ ಕಸ್ತೂರಮ್ಮ.’

ಕಸ್ತೂರಮ್ಮ ಅವನ ಬೆರಳುಗಳಿಂದ ತುತ್ತನ್ನು ಮೆಲ್ಲಗೆ ಬಿಡಿಸಿ, ಕೈ ಒರೆಸಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.